ಅಟ್ಟದ ಕೊಬ್ಬರಿ, ಬೆಂಗಳೂರಿನ ಸೈಟು

ಆಷಾಢ ಕಳೆಯಿತು, ಗೃಹಪ್ರವೇಶದ ಹಂಗಾಮು ಶುರುವಾಯಿತು. ಹಿರೀಸಾವೆ ಕಡೆಯವರು ಬೆಂಗಳೂರಿನಲ್ಲಿ ಹಾಲುಕ್ಕಿಸುವ ಹೊತ್ತಿಗೆ ಊರಿನ ತೋಟದಲ್ಲಿ ಎಷ್ಟೋ ಲೆಕ್ಕ ಚುಕ್ತಾ ಆಗಿರುತ್ತದೆ. ಮಹಾನಗರದ ಮನೆಗೆ ನಿಜಕ್ಕೂ ದುಡ್ಡು ಕಟ್ಟುವವರು ಯಾರು?

ಭೀಮನ ಅಮಾವಾಸ್ಯೆ ಕಳೆದ ಮೇಲೆ ಬರುವ ಮೊದಲ ಒಳ್ಳೆಯ ದಿನ. ಬೆಳಗಿನ ಜಾವ ನಾಲ್ಕೂವರೆ. ಹಿರೀಸಾವೆಯ ಹೆದ್ದಾರಿ ಪಕ್ಕದಲ್ಲಿ ಟಾಟಾ ಏಸ್ ಗಾಡಿಯೊಂದು ಹಿಂದಿನ ಹಲಗೆ ಇಳಿಸಿಕೊಂಡು ನಿಂತಿರುತ್ತದೆ. ಎರಡು ಮೂಟೆ ರಾಗಿ, ಒಂದು ಮೂಟೆ ಸುಲಿದ ಕಾಯಿ, ಹುರುಳಿ, ಹೊಸ ಮೊರ, ಹುಣಸೆಹಣ್ಣು ಹಚ್ಚಿ ಬೆಳಗಿದ ಹಿತ್ತಾಳೆ ಕೊಳಗ, ಎರಡು ಬಾಳೆಕಂದು. ಎಲ್ಲದರ ಮೇಲೆ ಮಾವಿನ ಸೊಪ್ಪು.

ಒರಳುಕಲ್ಲು ಏರಿಸುವುದೋ ಬೇಡವೋ ಎಂಬ ಚರ್ಚೆ ಮಾತ್ರ ಕೊನೇ ಗಳಿಗೆವರೆಗೂ ನಡೆಯುತ್ತದೆ. ಮೂರನೇ ಮಹಡಿಯಲ್ಲಿ ಕುಟ್ಟಿದರೆ ಎರಡನೇ ಮಹಡಿಯವರು ಬಂದು ಬಾಗಿಲು ಬಡಿಯುತ್ತಾರೆ ಅನ್ನುವುದು ಮೊಮ್ಮಗನ ವಾದ. ನಮ್ಮ ಮನೇಲಿ ನಾವು ಕುಟ್ಟಿಕೊಂಡರೆ ಅವರಿಗೇನು ಅನ್ನುವುದು ಅಜ್ಜಿಯ ವಾದ. ಒರಳು ಊರಲ್ಲೇ ಉಳಿಯುತ್ತದೆ. ಗಾಡಿ ಹೊರಡುತ್ತದೆ.

ಕಡಬಹಳ್ಳಿ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ಸೋಲೂರು, ನೆಲಮಂಗಲ. ಬೆಳಕು ಹರಿಯುವಷ್ಟರಲ್ಲಿ ಎಂಟನೇ ಮೈಲಿ. ಗಾಡಿ ಅರ್ಧಕ್ಕರ್ಧ ಖಾಲಿ. ಮಂಚ, ಬೀರು, ಫ್ರಿಜ್ಜು, ವಾಷಿಂಗ್ ಮೆಷಿನ್ನು ಎಲ್ಲ ಬೆಂಗಳೂರಿನ ಬಾಡಿಗೆ ಮನೆಯಿಂದ ಇನ್ನೊಂದು ಗಾಡಿಯಲ್ಲಿ ಬರುತ್ತಿವೆ. ಊರಿನಿಂದ ಹೊರಟಿರುವುದು ಪೂಜೆಗೆ ಬೇಕಾದದ್ದು, ಊಟಕ್ಕೆ ಬೇಕಾದದ್ದು. ಗಾಡಿಯಲ್ಲಿ ಕಾಣದ ಇನ್ನೊಂದು ಸಾಮಾನು ಮೂರು ತಿಂಗಳ ಹಿಂದೆಯೇ ಬೆಂಗಳೂರು ಸೇರಿದೆ. ಅದು ದುಡ್ಡು.

ಹಿರೀಸಾವೆ ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹೋಬಳಿ. ಬೆಂಗಳೂರು–ಮಂಗಳೂರು ಹೆದ್ದಾರಿ, ಅಂದರೆ ಹಿಂದಿನ 48, ಈಗಿನ 75, ಊರನ್ನು ಮುಟ್ಟಿಕೊಂಡೇ ಹೋಗುತ್ತದೆ. ಶ್ರವಣಬೆಳಗೊಳಕ್ಕೆ ಹೋಗುವವರು ಇಲ್ಲಿಂದ ತಿರುಗಿಕೊಳ್ಳುತ್ತಾರೆ. ಸುತ್ತ ತೆಂಗು, ರಾಗಿ, ಹುರುಳಿ. ಬೆಂಗಳೂರಿನಲ್ಲಿ ಈ ಕಡೆಯವರನ್ನು ಯಾರಾದರೂ ಊರು ಕೇಳಿದರೆ ಹಿರೀಸಾವೆ ಎನ್ನುವುದಿಲ್ಲ, ‘ಹಾಸನದ ಕಡೆ’ ಎನ್ನುತ್ತಾರೆ. ಕೇಳಿದವರು ನೆಲಮಂಗಲ ದಾಟಿದವರಾದರೆ ಮಾತ್ರ ‘ಚನ್ನರಾಯಪಟ್ಟಣ ಹತ್ರ’ ಎಂದು ಒಂದು ಹೆಜ್ಜೆ ಮುಂದುವರಿಯುತ್ತಾರೆ.

ಅಟ್ಟದಲ್ಲಿ ಹನ್ನೊಂದು ತಿಂಗಳು

ಈ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟವೆಂದರೆ ಬ್ಯಾಂಕು. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಬಿಟ್ಟುಬಿಡುತ್ತಾರೆ. ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಬಿಸಿ. ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳಲು ಹತ್ತು, ಹನ್ನೊಂದು ತಿಂಗಳು, ಒಮ್ಮೊಮ್ಮೆ ವರ್ಷ ಬೇಕು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಉರುಳುವ ಸದ್ದು ಬರಬೇಕು. ಬಂತೋ, ಕೊಬ್ಬರಿ ಆಯಿತು. ಆಮೇಲೆ ಸುಲಿದು, ಉಂಡೆ ಒಡೆಯದ ಹಾಗೆ ಚಿಪ್ಪು ತೆಗೆದು, ತಿಪಟೂರಿನ ಮಾರುಕಟ್ಟೆಗೆ.

ಬೆಂಗಳೂರಿನ ಬಾಡಿಗೆ ಕರಾರಿಗೂ ಹನ್ನೊಂದೇ ತಿಂಗಳು. 1908ರ ನೋಂದಣಿ ಕಾಯ್ದೆಯ ಪ್ರಕಾರ ವರ್ಷದಿಂದ ವರ್ಷಕ್ಕೆ ಸಾಗುವ ಅಥವಾ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದು ಮಾಲೀಕರು ಒಂದು ತಿಂಗಳು ಕಡಿಮೆ ಬರೆಸುತ್ತಾರೆ. ಮಗ ಒಂದು ಕರಾರು ಮುಗಿಸುವಷ್ಟರಲ್ಲಿ ಅಪ್ಪನ ಅಟ್ಟದಲ್ಲಿ ಒಂದು ಸುತ್ತು ಕೊಬ್ಬರಿ ಒಣಗಿರುತ್ತದೆ. ಕರಾರು ನವೀಕರಿಸುವಾಗ ಬಾಡಿಗೆ ಏರುವುದು ಖಾತ್ರಿ. ಕೊಬ್ಬರಿ ಬೆಲೆಗೆ ಅಂಥ ಖಾತ್ರಿ ಇಲ್ಲ.

2023ರಲ್ಲಿ ಉಂಡೆ ಕೊಬ್ಬರಿ ಬೆಲೆ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಮರುವರ್ಷದ ಆರಂಭದಲ್ಲಿ ಬೆಂಬಲ ಬೆಲೆಯ ನಾಫೆಡ್ ಖರೀದಿಗೆ ಹೆಸರು ಬರೆಸಲು ಹಾಸನ ಜಿಲ್ಲೆಯ ಬೆಳೆಗಾರರು ರಾತ್ರಿಯಿಂದಲೇ ಸಾಲು ನಿಂತರು. 2025ರಲ್ಲಿ ಅದೇ ಕೊಬ್ಬರಿ ತಿಪಟೂರಿನ ಹರಾಜಿನಲ್ಲಿ ಬೆಂಬಲ ಬೆಲೆಯ ದುಪ್ಪಟ್ಟು ದಾಟಿತು. ಬೆಲೆ ಬಂದ ವರ್ಷ ಕಾಯಿಯೇ ಕಡಿಮೆ, ಕಾಯಿ ಬಂದ ವರ್ಷ ಬೆಲೆ ಇಲ್ಲ. ನುಸಿ, ಕಾಂಡ ಸೋರುವ ರೋಗ, ಕಪ್ಪುತಲೆ ಹುಳು ಒಂದಾದ ಮೇಲೊಂದು ತೋಟ ಹೊಕ್ಕ ಮೇಲೆ ಈ ಗಾದೆಯಂಥ ಮಾತನ್ನು ಯಾರೂ ತಮಾಷೆಗೆ ಆಡುವುದಿಲ್ಲ.

ಮಗನ ಗೃಹಸಾಲದ ಕಂತಿಗೆ ಇದೊಂದೂ ಗೊತ್ತಿಲ್ಲ. ಅದು ತಿಂಗಳ ಐದನೇ ತಾರೀಕು ಬ್ಯಾಂಕಿನ ಖಾತೆಯಿಂದ ತಾನಾಗಿ ಕಳಚಿಕೊಳ್ಳುತ್ತದೆ.

> ಚೌಕಟ್ಟು: ಒಂದು ಫ್ಲಾಟಿಗೆ ಎಷ್ಟು ಕ್ವಿಂಟಲ್?
>
> ಲೆಕ್ಕಕ್ಕೆ 60 ಲಕ್ಷದ ಫ್ಲಾಟ್ ಅನ್ನಿ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಲೆಯ ಶೇ 80ರವರೆಗೆ ಮಾತ್ರ ಸಾಲ. ಅಂದರೆ 48 ಲಕ್ಷ. ಉಳಿದ 12 ಲಕ್ಷ ಕೈಯಿಂದ.
>
> ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಒಟ್ಟು 4.56 ಲಕ್ಷ. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ.
>
> ಕೈಯಿಂದ ಹೋಗುವುದು 16.56 ಲಕ್ಷ. 2025ರ ಹಂಗಾಮಿನ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ದರದಲ್ಲಿ ಸುಮಾರು 137 ಕ್ವಿಂಟಲ್.
>
> ಎಕರೆಗೆ 40 ಮರ, ಮರಕ್ಕೆ ವರ್ಷಕ್ಕೆ 80 ಕಾಯಿ, ಕಾಯಿಗೆ 130 ಗ್ರಾಂ ಕೊಬ್ಬರಿ ಎಂದು ಹಿಡಿದರೆ ಇದು ಒಂದೆಕರೆ ತೋಟದ 33 ವರ್ಷದ ಫಸಲು. ಕೂಲಿ, ಗೊಬ್ಬರ ಕಳೆದಿಲ್ಲ.
>
> ಇನ್ನು 48 ಲಕ್ಷದ ಸಾಲ. ಶೇ 8ರ ಬಡ್ಡಿ, 20 ವರ್ಷವಾದರೆ ತಿಂಗಳ ಕಂತು 40 ಸಾವಿರ ಚಿಲ್ಲರೆ. 240 ಕಂತು ಮುಗಿಯುವ ಹೊತ್ತಿಗೆ ಕಟ್ಟಿದ್ದು 96 ಲಕ್ಷ.

ತಂಗಿಯ ಸಹಿ

ಮೂವತ್ಮೂರು ವರ್ಷ ಕಾಯಲು ಯಾರಿಗೂ ಪುರಸೊತ್ತಿಲ್ಲ. ಹಾಗಾಗಿ ಕಾಯಿ ಮಾರುವ ಬದಲು ನೆಲ ಮಾರುವ ಮಾತು ಬರುತ್ತದೆ. ಅರ್ಧ ಎಕರೆ, ಹೆದ್ದಾರಿ ಕಡೆಯದಾದರೆ ಇನ್ನೂ ಒಳ್ಳೆಯದು. ಅಲ್ಲಿಂದ ಮುಂದೆ ನಡೆಯುವುದು ತಹಶೀಲ್ದಾರ್ ಕಚೇರಿಯ ವ್ಯವಹಾರವೆಂದು ಕಂಡರೂ ಅಸಲು ಪಂಚಾಯಿತಿ ಅಡುಗೆಮನೆಯಲ್ಲೇ.

ಪಹಣಿಯಲ್ಲಿ ಅಪ್ಪನ ಹೆಸರೊಂದೇ ಇರುತ್ತದೆ. ಪಿತ್ರಾರ್ಜಿತವಾದರೆ ಹಕ್ಕು ಅವರೊಬ್ಬರದಲ್ಲ. ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ ತನ್ನದೇ ತಿದ್ದುಪಡಿಯನ್ನು 1994ರ ಜುಲೈ 30ರಿಂದ ಜಾರಿ ಮಾಡಿ, ಅದಕ್ಕೂ ಮೊದಲೇ ಮದುವೆಯಾಗಿದ್ದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. 2005ರ ಸೆಪ್ಟೆಂಬರ್ 9ರಂದು ಬಂದ ಕೇಂದ್ರದ ತಿದ್ದುಪಡಿ ಮದುವೆಯ ಆ ಗೆರೆಯನ್ನೂ ಅಳಿಸಿತು. ಆ ದಿನ ತಂದೆ ಬದುಕಿದ್ದಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ವಿನೀತಾ ಶರ್ಮ ಪ್ರಕರಣದ ತೀರ್ಪಿನಲ್ಲಿ ಹೇಳಿದ ಮೇಲೆ ಗೊಂದಲಕ್ಕೆ ಜಾಗ ಉಳಿದಿಲ್ಲ.

ಹಾಗಿದ್ದೂ ಹಳ್ಳಿಗಳಲ್ಲಿ ಇದು ‘ಸಹಿ ಹಾಕಿಸಿಕೊಂಡು ಬರೋ’ ಕೆಲಸವಾಗಿಯೇ ಉಳಿದಿದೆ. ಅಣ್ಣ ಬೈಕಿನಲ್ಲಿ ತಂಗಿಯ ಊರಿಗೆ ಹೋಗುತ್ತಾನೆ. ಒಂದು ಸೀರೆ, ಹೂವು, ಒಂದು ಡಜನ್ ಬಾಳೆಹಣ್ಣು. ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಎದ್ದು ಹೊರಡುವಾಗ ಚೀಲದಿಂದ ಹಕ್ಕು ಬಿಡುಗಡೆ ಪತ್ರ ತೆಗೆಯುತ್ತಾನೆ. ಬೆಂಗಳೂರಿನ ಮನೆಗೆ ಬಂದು ಹೋಗಲು ನಿನಗೂ ಒಂದು ರೂಮು ಅನ್ನುತ್ತಾನೆ. ಆ ರೂಮಿನ ಮಾತು ಪತ್ರದಲ್ಲಿ ಇರುವುದಿಲ್ಲ.

ಸಹಿ ಹಾಕುವವರು ಹಾಕುತ್ತಾರೆ. ತವರಿನ ಬಾಗಿಲು ಮುಚ್ಚಿಹೋದೀತೆಂಬ ಅಂಜಿಕೆ ಕಾನೂನಿಗಿಂತ ಹಳೆಯದು. ಹಾಕದವರ ಸಂಖ್ಯೆಯೂ ಕಡಿಮೆಯಿಲ್ಲ. ದಾವೆ ಹೂಡಿದರೆ ಕೊಂಡವನ ಕ್ರಯಪತ್ರವೇ ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ. ಬೆಂಗಳೂರಿನ ಬ್ಯಾಂಕುಗಳ ವಕೀಲರು ವಂಶವೃಕ್ಷ ಕೇಳುವುದು ಸುಮ್ಮನೆ ಅಲ್ಲ. ಅಲ್ಲಿ ಮಾರುತ್ತಿರುವವರೂ ಯಾರದೋ ಅಣ್ಣಂದಿರೇ, ನೆಲಮಂಗಲ, ದಾಸನಪುರ, ಮಾಕಳಿಯ ರೈತರ ಮಕ್ಕಳು. ಹಿರೀಸಾವೆಯ ತಂಗಿಯ ಸಹಿಯಷ್ಟೇ ಅವರ ತಂಗಿಯ ಸಹಿಯೂ ಮುಖ್ಯ.

‘ಅಡ್ವಾನ್ಸ್ ಹತ್ತು ತಿಂಗಳು’

ಸ್ವಂತ ಮನೆಗೆ ಮುಂಚೆ ಬಾಡಿಗೆ ಮನೆಗಳ ಒಂದು ಸರಣಿ ಇರುತ್ತದೆ. ಬೆಂಗಳೂರು ಬೇರೆ ಊರಿನವರನ್ನು ಮೊದಲು ಬೆಚ್ಚಿಬೀಳಿಸುವುದು ಇಲ್ಲಿಯ ಹತ್ತು ತಿಂಗಳ ಮುಂಗಡದಿಂದ. ಕೇಂದ್ರ ಸರ್ಕಾರ 2021ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎಂದಿತು. ಮಾದರಿ ಮಾದರಿಯಾಗಿಯೇ ಉಳಿಯಿತು. ಖಾಲಿ ಮಾಡುವಾಗ ಪೇಂಟಿಂಗ್ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಪದ್ಧತಿ ಬೇರೆ. ಗೋಡೆ ಬಣ್ಣ ಕಂಡದ್ದು ಯಾವ ಕಾಲದಲ್ಲೋ.

ಮನೆ ತೋರಿಸುವ ಮುನ್ನ ಎರಡು ಪ್ರಶ್ನೆ ತಪ್ಪುವುದಿಲ್ಲ. ಯಾವ ಕಡೆಯವರು? ಊಟ ಏನು? ಮಾರಿಹಬ್ಬಕ್ಕೆ ನೆಂಟರನ್ನೆಲ್ಲ ಕರೆದು ಬಾಡೂಟ ಹಾಕುವ ಸೀಮೆಯ ಹುಡುಗ ಎರಡನೆಯ ಪ್ರಶ್ನೆಗೆ ತಡವರಿಸುತ್ತಾನೆ. ಸ್ವಂತ ಮನೆ ಬೇಕು ಎನ್ನುವ ಹಟದ ಹಿಂದೆ ಬಡ್ಡಿ ಲೆಕ್ಕಕ್ಕಿಂತ ಈ ತಡವರಿಕೆಯೇ ಹೆಚ್ಚು ಕೆಲಸ ಮಾಡುತ್ತದೆ ಎಂದರೆ ತಪ್ಪಾಗಲಾರದು.

ಬಾಡಿಗೆಗೂ ಸ್ವಂತಕ್ಕೂ ನಡುವೆ ಭೋಗ್ಯವಿದೆ. ಹಳ್ಳಿಯಲ್ಲಿ ಹೊಲಕ್ಕೆ ಇದ್ದ ಪದ್ಧತಿ, ನಗರಕ್ಕೆ ಬಂದು ‘ಲೀಸ್’ ಆಯಿತು. ಒಂದೇ ಗಂಟಿನಲ್ಲಿ ಹತ್ತೋ ಹದಿನೈದೋ ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಪೂರ್ತಿ ಹಣ ವಾಪಸು ಪಡೆಯುವುದು. ಕೊಬ್ಬರಿ ಮಾರಿದ ಹಣ ಕರಗದೆ ಉಳಿಯಿತಲ್ಲ ಎಂಬ ಸಮಾಧಾನ. ವಾಪಸು ಕೊಡುವ ದಿನ ಮಾಲೀಕನ ಕೈಯಲ್ಲಿ ಹಣವಿಲ್ಲದಿದ್ದರೆ? ಅಥವಾ ಆ ಮನೆಯೇ ಬ್ಯಾಂಕಿನಲ್ಲಿ ಅಡವಿದ್ದು ಹರಾಜಿಗೆ ಬಂದರೆ? ನೋಂದಾಯಿಸದ ಛಾಪಾ ಕಾಗದ ಹಿಡಿದು ಪೊಲೀಸ್ ಠಾಣೆಗೆ ಅಲೆದ ಕುಟುಂಬಗಳು ಬೆಂಗಳೂರಿನ ಪಶ್ಚಿಮ ಭಾಗದಲ್ಲೇ ಬೇಕಾದಷ್ಟು.

ಇದು ನಮ್ಮಲ್ಲಷ್ಟೇ ಇರುವ ವಿಚಿತ್ರವೆಂದು ತಿಳಿಯಬೇಕಿಲ್ಲ. ದಕ್ಷಿಣ ಕೊರಿಯಾದಲ್ಲಿ ‘ಜಿಯೊನ್ಸೆ’ ಎಂಬ ಹೆಸರಿನಲ್ಲಿ ಹೆಚ್ಚುಕಡಿಮೆ ಇದೇ ಪದ್ಧತಿ ಇದೆ. ಅಲ್ಲಿ ಮನೆಗಳ ಬೆಲೆ ಕುಸಿದಾಗ ಮಾಲೀಕರು ಕೈಯೆತ್ತಿದರು. ಮೋಸಹೋದ ಬಾಡಿಗೆದಾರರ ರಕ್ಷಣೆಗೆ 2023ರಲ್ಲಿ ಆ ದೇಶ ವಿಶೇಷ ಕಾಯ್ದೆಯನ್ನೇ ತರಬೇಕಾಯಿತು.

> ಚೌಕಟ್ಟು: ಪ್ಲೇಗ್ ಮತ್ತು ಬಡಾವಣೆ
>
> 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಹೊರನಡೆದರು. ಅಗಲ ಬೀದಿ, ಗಾಳಿ ಬೆಳಕಿನ ನಿವೇಶನಗಳ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ದಿನಗಳಲ್ಲಿ.
>
> ಪ್ಲೇಗ್ ಬಂದಾಗ ಹಳ್ಳಿಯವರೂ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಹಿರೀಸಾವೆಯಿರುವ ತಾಲ್ಲೂಕಿನದೇ ಆದ ಸಂತೇಶಿವರದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ಓದಿದವರಿಗೆ ಆ ಪ್ಲೇಗಿನ ದಿನಗಳ ಪರಿಚಯವಿದೆ.
>
> ಬೆಂಗಳೂರಿಗೆ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಬಂದದ್ದು 1945ರಲ್ಲಿ; 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ. 1971ರಲ್ಲಿ 16 ಲಕ್ಷ ದಾಟಿದ್ದ ನಗರದ ಜನಸಂಖ್ಯೆ 1981ಕ್ಕೆ 29 ಲಕ್ಷ ದಾಟಿತು.

ಎ, ಬಿ ಮತ್ತು ಇ

1971ರಿಂದ 1981ರ ನಡುವೆ ನಗರಕ್ಕೆ ಬಂದವರಲ್ಲಿ ಹಾಸನದ ಕಡೆಯವರೂ ಇದ್ದರು. ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು 50ರ ದಶಕದಲ್ಲೇ ಶುರುವಾಗಿದ್ದವು. ಆಮೇಲೆ ಪೀಣ್ಯದ ಕೈಗಾರಿಕಾ ಪ್ರದೇಶ. ಊರಿಂದ ಬಂದ ಬಸ್ಸು ಎಲ್ಲಿ ಇಳಿಸಿತೋ ಅದರ ಆಸುಪಾಸಿನಲ್ಲೇ ಮನೆ: ದಾಸರಹಳ್ಳಿ, ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ. ಸ್ವಲ್ಪ ಕೈ ಗಟ್ಟಿಯಾದವರು ವಿಜಯನಗರ, ನಾಗರಭಾವಿ. ನಕಾಶೆ ಬಿಡಿಸಿ ನೋಡಿದರೆ ನಗರದ ಪಶ್ಚಿಮದಂಚು ಹಾಸನ, ಮಂಡ್ಯ, ತುಮಕೂರಿನ ಕಡೆಗೆ ಮುಖ ಮಾಡಿಕೊಂಡೇ ಬೆಳೆದಿದೆ.

ಕಾರ್ಖಾನೆ ನೌಕರರಿಗೆ ಸೊಸೈಟಿ ಸೈಟು ಸಿಕ್ಕಿತು. ಬಿಇಎಲ್ ಲೇಔಟ್, ಐಟಿಐ ಲೇಔಟ್, ಎಚ್‌ಎಂಟಿ ಲೇಔಟ್ ಎಂಬ ಹೆಸರುಗಳು ಆ ಭಾಗ್ಯದ ಗುರುತು. ಉಳಿದವರು ಬಿಡಿಎಗೆ ಅರ್ಜಿ ಹಾಕಿದರು. ಎಷ್ಟನೇ ಸಲ ಅರ್ಜಿ ಹಾಕಿದ್ದೀರಿ ಎಂಬುದೇ ಅಲ್ಲಿ ಅರ್ಹತೆ. ‘ನಂದು ನಾಲ್ಕನೇ ಅಟೆಂಪ್ಟು’ ಎನ್ನುವವರು ಪರೀಕ್ಷೆಯಲ್ಲಿ ನಪಾಸಾದವರಲ್ಲ, ಸೈಟಿಗೆ ಹತ್ತಿರವಾದವರು. ಅರ್ಕಾವತಿ ಬಡಾವಣೆ ಶುರುವಾದದ್ದು 2003ರಲ್ಲಿ. ಹಂಚಿಕೆಯಾದ ಎಷ್ಟೋ ವರ್ಷದ ಮೇಲೂ ತಮ್ಮ ಸೈಟು ಎಲ್ಲಿದೆಯೆಂದು ಹುಡುಕಿದವರಿದ್ದಾರೆ. ನಾಡಪ್ರಭು ಕೆಂಪೇಗೌಡ ಬಡಾವಣೆಗೆ 2008ರಲ್ಲಿ ಅಧಿಸೂಚನೆ, 2016ರಲ್ಲಿ ಮೊದಲ 5,000 ಸೈಟುಗಳ ಹಂಚಿಕೆ. ಸೈಟು ಸಿಕ್ಕಿತು, ರಸ್ತೆ, ನೀರು, ಚರಂಡಿ ಆಮೇಲೆ ಎನ್ನುವುದು ಸರ್ಕಾರಿ ಬಡಾವಣೆಯ ಕಥೆ.

ಇಷ್ಟು ಕಾಯಲಾಗದವರ ಪಾಲಿಗೆ ರೆವಿನ್ಯೂ ಸೈಟು. ರೈತನ ಜಮೀನಿನಲ್ಲಿ ಸುಣ್ಣದ ಗೆರೆ ಎಳೆದು, ನಾಲ್ಕು ಮೂಲೆಗೆ ಕಲ್ಲು ನೆಟ್ಟು, ‘ಟ್ವೆಂಟಿ ಥರ್ಟಿ’ ಅಂದರೆ 600 ಚದರಡಿ, ‘ಥರ್ಟಿ ಫಾರ್ಟಿ’ ಅಂದರೆ 1,200 ಚದರಡಿ ಎಂದು ಹಂಚಿದ್ದು. ಭೂ ಪರಿವರ್ತನೆ ಆಗಿದ್ದರೆ ಆಗಿತ್ತು, ಇಲ್ಲದಿದ್ದರೆ ಇಲ್ಲ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆದಾಗ ಈ ಮನೆಗಳೆಲ್ಲ ಒಂದೇ ರಾತ್ರಿಯಲ್ಲಿ ಮಹಾನಗರದವಾದವು. ತೆರಿಗೆ ಬೇಕು, ಸಕ್ರಮ ಎನ್ನುವ ಹಾಗಿಲ್ಲ. ಹೀಗೆ ಬಂತು ಬಿ ಖಾತೆ: ಕಂದಾಯ ಕಟ್ಟು, ನಿನ್ನದೆಂದು ಮಾತ್ರ ಹೇಳಬೇಡ.

ಸಕ್ರಮ ಮಾಡಲು ಹೊರಟ ಅಕ್ರಮ–ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತೆ, ಅಂದರೆ ಡಿಜಿಟಲ್ ಖಾತೆ, ಇಲ್ಲದೆ ನೋಂದಣಿಯೇ ಇಲ್ಲವೆಂದಾಯಿತು. ಅದೇ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಕೊಡಬೇಡಿ ಎಂದಿತು. ಮೋಲ್ಡ್ ಹಾಕಿ, ಟೈಲ್ಸ್ ಕೂರಿಸಿ, ಗೃಹಪ್ರವೇಶದ ಕಾರ್ಡೂ ಅಚ್ಚು ಹಾಕಿಸಿದವರು ಮೀಟರ್ ಇಲ್ಲದೆ ಕೂತರು. ಕೊನೆಗೆ 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆ ಬಂದವು. ಬಿ ಖಾತೆಯನ್ನು ಸಕ್ರಮ ಆಸ್ತಿಗಳ ಎ ಖಾತೆ ಮಾಡಿಕೊಡುವ ಯೋಜನೆಯೂ ಬಂತು.

ಈ ನಗರ ಮನೆ ಮಾರುವುದಕ್ಕಿಂತ ಕಾಗದ ಮಾರುವುದರಲ್ಲಿ ನಿಸ್ಸೀಮ. ಗೋಡೆ ಬಿರುಕು ಬಿಟ್ಟರೆ ಸಿಮೆಂಟು ಮೆತ್ತಬಹುದು, ಮೂಲಪತ್ರ ಬಿರುಕು ಬಿಟ್ಟರೆ ಮೆತ್ತಲು ಏನೂ ಸಿಗದು.

ಹೇಮಾವತಿಯೂ ಬಂದಳು

ಸೈಟು ನೋಡಲು ಬಂದ ಹಿರೀಸಾವೆಯ ಹಿರಿಯರು ಬ್ರೋಕರಿಗೆ ಕೇಳುವ ಮೊದಲ ಪ್ರಶ್ನೆ ದಿಕ್ಕಿನದಲ್ಲ, ನೀರಿನದು. 2024ರ ಬೇಸಿಗೆ ಅವರ ಪರ ನಿಂತಿತು. ಬೆಂಗಳೂರಿನ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿದವೆಂದು ಸರ್ಕಾರವೇ ಹೇಳಿತು. ಲಕ್ಷಗಟ್ಟಲೆ ಸುರಿದು ಕೊಂಡ ಅಪಾರ್ಟ್‌ಮೆಂಟುಗಳ ಮುಂದೆ ಟ್ಯಾಂಕರ್‌ಗಾಗಿ ಕಾಯುವ ಸಾಲು. 110 ಹಳ್ಳಿಗಳ ಭಾಗಕ್ಕೆ ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು ಅದೇ ವರ್ಷ ಅಕ್ಟೋಬರ್ 16ರಂದು.

ಗೊರೂರಿನ ಅಣೆಕಟ್ಟಿನಿಂದ ಇಳಿಯುವ ಹೇಮಾವತಿ ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ಕೆಳಗೆ ತೊರೆಕಾಡನಹಳ್ಳಿಯಿಂದ ಮೇಲೆತ್ತಿದ ನೀರು ಬೆಂಗಳೂರಿನ ನಲ್ಲಿಗೆ. ಊರಿನ ತೋಟಕ್ಕೆ ನಾಲೆಯಲ್ಲಿ ಬರಲಿಲ್ಲವೆಂದು ಗೊಣಗಿಕೊಂಡ ಹೊಳೆಯೇ ಸುಂಕದಕಟ್ಟೆಯ ಸಿಂಕಿನಲ್ಲಿ, ದಿನ ಬಿಟ್ಟು ದಿನ, ಬರುತ್ತದೆ.

ಹಸು ಲಿಫ್ಟ್ ಹತ್ತಿತು

ಗೃಹಪ್ರವೇಶದ ದಿನ ಊರಿನವರಿಗೆ ಬೆಂಗಳೂರು ತೋರಿಸುವ ತಮಾಷೆಗಳಲ್ಲಿ ಬಾಡಿಗೆ ಹಸುವಿಗೆ ಮೊದಲ ಸ್ಥಾನ. ಕರು ಸಮೇತ ವ್ಯಾನಿನಲ್ಲಿ ಬಂದು, ಒಂದು ಮನೆಯಲ್ಲಿ ಐದು ನಿಮಿಷ ನಿಂತು, ಮುಂದಿನ ಮನೆಗೆ ಹೊರಡುತ್ತದೆ. ಶ್ರಾವಣದ ಲಗ್ನದ ದಿನಗಳಲ್ಲಿ ಅದಕ್ಕೂ ಸಮಯದ ಚೀಟಿ. ನೆಲಮಹಡಿಯಲ್ಲೇ ಪೂಜೆ ಮುಗಿಸುವವರು ಕೆಲವರು, ಲಿಫ್ಟಿಗೆ ಹತ್ತಿಸುವ ಧೈರ್ಯವಂತರು ಕೆಲವರು. ಬೆಳಗ್ಗೆ ಹಟ್ಟಿಯಲ್ಲಿ ನಾಲ್ಕು ಹಸುವಿಗೆ ಹುಲ್ಲು ಹಾಕಿ ಬಂದ ಅಜ್ಜಿ ಇದನ್ನೆಲ್ಲ ಒಂದು ಮಾತೂ ಆಡದೆ ನೋಡುತ್ತಾಳೆ. ಹಸು ಹಾಕಿದ ಸಗಣಿಯನ್ನು ಸೊಸೆ ಟಿಷ್ಯೂನಲ್ಲಿ ತೆಗೆಯುವಾಗ ಮಾತ್ರ ನಗು ತಡೆಯಲಾಗುವುದಿಲ್ಲ.

ಹಾಲುಕ್ಕಿದ ಮೇಲೆ ಅಸಲು ಸ್ಥಳಾಂತರ. ಹಳೆ ಬಾಡಿಗೆ ಮನೆಯ ಆರ್‌.ಆರ್. ಸಂಖ್ಯೆಯಿಂದ ‘ಗೃಹಜ್ಯೋತಿ’ಯ ಜೋಡಣೆ ಬಿಡಿಸಬೇಕು, ಬಿಡಿಸದಿದ್ದರೆ ಹೊಸ ಮನೆಗೆ ಉಚಿತ ವಿದ್ಯುತ್ ಸೇರದು, ಹಳೇ ಮನೆಗೆ ಬರುವ ಬಾಡಿಗೆದಾರನಿಗೂ ತೊಂದರೆ. ಬೆಸ್ಕಾಂ ಮೀಟರಿನ ಹೆಸರು, ಗ್ಯಾಸ್, ಆಧಾರ್ ವಿಳಾಸ, ಮಕ್ಕಳ ಶಾಲೆಯ ವ್ಯಾನು. ಹಳೆಯ ಮಾಲೀಕರ ಹತ್ತಿರ ಉಳಿದ ಅಡ್ವಾನ್ಸಿಗೆ ಇನ್ನೂ ಮೂರು ಫೋನು.

ಹತ್ತಿರವಾದ ದೂರ

ದೇವೇಗೌಡರು ಪ್ರಧಾನಿಯಾಗಿದ್ದಾಗ ಮಂಜೂರಾದ ಬೆಂಗಳೂರು–ಹಾಸನ ನೇರ ರೈಲು ಮಾರ್ಗ 2017ರ ಮಾರ್ಚ್‌ನಲ್ಲಿ ಪೂರ್ತಿಯಾಗಿ ಓಡಾಟಕ್ಕೆ ತೆರೆದುಕೊಂಡಿತು. ನಾಗಸಂದ್ರಕ್ಕೆ ನಿಂತಿದ್ದ ಮೆಟ್ರೊ 2024ರ ನವೆಂಬರ್ 7ರಂದು ಮಾದಾವರಕ್ಕೆ ಬಂತು. ಹಾಗಾಗಿ ನೆಲಮಂಗಲದ ಆಚೆಗಿನ ಸೈಟಿನ ಬ್ರೋಶರ್‌ಗಳಲ್ಲೂ ಈಗ ಮೆಟ್ರೊ ಓಡುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಅವ್ವ ಬಸ್ ಚಾರ್ಜಿನ ಚಿಂತೆಯಿಲ್ಲದೆ ನುಗ್ಗೆಸೊಪ್ಪು, ಹಾಲಿನ ಕ್ಯಾನು ಹಿಡಿದು ಗೊರಗುಂಟೆಪಾಳ್ಯದಲ್ಲಿ ಇಳಿಯುತ್ತಾಳೆ. ಸಂಜೆ ಹಸು ಕರೆಯುವ ಹೊತ್ತಿಗೆ ವಾಪಸು.

ವ್ಯಾಪಾರ ತಿರುಗುಮುರುಗಾಗಿಯೂ ನಡೆದಿದೆ. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಬೆಂಗಳೂರಿನ ಧೂಳು, ಟ್ರಾಫಿಕ್ಕಿಗೆ ಬೇಸತ್ತವರು ಶನಿವಾರ ಕಾರಿನಲ್ಲಿ ಹೆದ್ದಾರಿ ಹಿಡಿದು ಬಂದು ತೆಂಗಿನ ತೋಟ ನೋಡುತ್ತಾರೆ. ಸುಂಕದಕಟ್ಟೆಯ 600 ಚದರಡಿಗಾಗಿ ಇಲ್ಲಿ ಅರ್ಧ ಎಕರೆ ಮಾರುವವನೂ, ವಾರಾಂತ್ಯದ ನೆಮ್ಮದಿಗಾಗಿ ಅದನ್ನೇ ಕೊಳ್ಳುವವನೂ ಒಂದೇ ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತಿರುತ್ತಾರೆ. ಇಬ್ಬರಲ್ಲಿ ಯಾರು ಜಾಣರು ಎಂದು ಈಗಲೇ ಹೇಳುವುದು ಕಷ್ಟ. ಅರ್ಧ ಎಕರೆ ಮಾತ್ರ ಮತ್ತೆ ಈ ಮನೆಯವರ ಕೈಗೆ ಬರುವುದಿಲ್ಲ.

ಇಷ್ಟಾದರೂ ಹಿರೀಸಾವೆಯವರು ಪೂರ್ತಿ ಮನೆ ಬದಲಿಸುವುದಿಲ್ಲ. 2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇ 73 ದಾಟಿತು. ಬೆಂಗಳೂರು ನಗರದ್ದು ಅದಕ್ಕಿಂತ ಬಹಳ ಕೆಳಗೆ, ಹಾಸನ ಜಿಲ್ಲೆಯದು ಶೇ 80ಕ್ಕೂ ಮೇಲೆ. ನಗರದವರಿಗೆ ಮತದಾನದ ಉದಾಸೀನ ಎನ್ನುವ ಪಂಡಿತರು ಹಿಂದಿನ ಸಂಜೆ ಗೊರಗುಂಟೆಪಾಳ್ಯದಲ್ಲಿ ಹಾಸನದ ಬಸ್ಸಿಗೆ ಮುಗಿಬೀಳುವ ಜನರನ್ನು ಒಮ್ಮೆ ನೋಡಬೇಕು. ಸಾಲ ಬೆಂಗಳೂರಿನ ಬ್ಯಾಂಕಿನಲ್ಲಿ, ಓಟು ಶ್ರವಣಬೆಳಗೊಳ ಕ್ಷೇತ್ರದಲ್ಲಿ.

ಈ ಶ್ರಾವಣದಲ್ಲಿ ಟೋಕನ್ ಅಡ್ವಾನ್ಸ್ ಕೊಡಲು ಹೊರಟಿರುವವರಿಗೆ ಎರಡು ಮಾತು. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ 2004ರ ಏಪ್ರಿಲ್ 1ರಿಂದ ಈಚಿನ ಋಣಭಾರ ಪತ್ರ ಕೂತಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಹಾಕಿ ತೆಗೆಸಿ, ಬ್ರೋಕರ್ ಕೊಟ್ಟ ಜೆರಾಕ್ಸ್ ನಂಬಬೇಡಿ. ಇನ್ನು ಊರಿನ ನೆಲ ಮಾರಿ ಹಣ ಹೊಂದಿಸುವುದಾದರೆ ಮೊದಲು ತಂಗಿಯ ಮನೆಗೆ ಹೋಗಿ ಬನ್ನಿ. ಪತ್ರ ಆಮೇಲೆ ತೆಗೆದುಕೊಂಡು ಹೋದರಾಯಿತು, ಮೊದಲ ಸಲ ಅವಳ ಪಾಲು ಎಷ್ಟೆಂದು ಕೂತು ಮಾತಾಡಿ. ಹೋಗುವಾಗ ಅಟ್ಟದಿಂದ ನಾಲ್ಕು ಗಿಟುಕು ಕೊಬ್ಬರಿ ಇಳಿಸಿಕೊಂಡು ಹೋಗಿ.